ಬಾಗಿದ ಉಬ್ಬುಪಟ್ಟಿ

"ಲೇ ನೀರು, ಸತ್ತು ಹೋದ್ಯೇನೇ? ಸುರಿ ಅಂದ ತಕ್ಷಣ ಸುರೀಬೇಕು! ನಿಮ್ಮಪ್ಪನ ಮನೆಯಿಂದ ತಂದ ಉಕ್ಕಾ ಇದು, ನಿಧಾನಕ್ಕೆ ಆರಿಸ್ಕೊಳ್ಳೋಕೆ?"

ಸಾಹೇಬ ಕೂಗಿದ್ದು ನನಗೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರು ಬಿಟ್ಟೆ. ಕೆಂಪಗೆ ಕಾದಿದ್ದ ಉಕ್ಕು ಚೊಯ್ಯೆಂದಿತು, ಹಬೆ ಎದ್ದು ಮುಖಕ್ಕೆ ಹೊಡೆಯಿತು. ಮುಖ ತಿರುಗಿಸುವ ಹಾಗಿಲ್ಲ. ತಿರುಗಿಸಿದರೆ ನೀರು ಬೇರೆ ಕಡೆ ಬೀಳುತ್ತದೆ, ಆಮೇಲೆ ಅದಕ್ಕೂ ಬೈಗುಳ. ಹಡಗು ಕಟ್ಟುವ ಈ ಯಾರ್ಡಿನಲ್ಲಿ ನನ್ನ ಹೆಸರು ನೀರು. ನನ್ನ ಗಂಡ ಗ್ಯಾಸ್ ಟಾರ್ಚು ಹಿಡಿದು ಉಕ್ಕು ಕಾಯಿಸುತ್ತಾನೆ, ಅವನ ಹೆಸರು ಬೆಂಕಿ. ಮೈದುನ ಕ್ರೇನಿನ ಕೊಕ್ಕೆಗೆ ಉಕ್ಕಿನ ಕಟ್ಟು ಸಿಕ್ಕಿಸುತ್ತಾನೆ, ಅವನು ಕೊಕ್ಕೆ. ಬೆಂಕಿಯೂ ನೀರೂ ಒಂದೇ ಚಾಪೆಯ ಮೇಲೆ ಮಲಗುವ ಮನೆ ನಿಮ್ಮದು ಎಂದು ಜೊತೆಯವರು ನಗುತ್ತಾರೆ. ನಗಲಿ, ಅದಕ್ಕೇನು ಸಂಬಳ ಹಿಡಿಯುವುದಿಲ್ಲವಲ್ಲ.

ನಮ್ಮ ಕೆಲಸ ಸೊಟ್ಟಗಾದ ಉಬ್ಬುಪಟ್ಟಿಗಳನ್ನು ನೆಟ್ಟಗೆ ಮಾಡುವುದು. ಆಫೀಸಿನವರು ಅದಕ್ಕೆ ಬಲ್ಬ್ ಫ್ಲಾಟ್ ಎನ್ನುತ್ತಾರೆ. ಉದ್ದನೆಯ ಉಕ್ಕಿನ ಪಟ್ಟಿ. ಒಂದು ಅಂಚು ತೆಳುವಾಗಿರುತ್ತದೆ, ಇನ್ನೊಂದು ಅಂಚಿನಲ್ಲಿ ಉದ್ದಕ್ಕೂ ಉಬ್ಬು. ಹಡಗಿನ ತಗಡಿಗೆ ಒಳಗಿನಿಂದ ಸಾಲಾಗಿ ಇದನ್ನು ಬೆಸೆಯುತ್ತಾರೆ. ನಮ್ಮ ಮೈಗೆ ಪಕ್ಕೆಲುಬು ಇದ್ದ ಹಾಗೆ ಹಡಗಿಗೆ ಇದು. ಎಲ್ಲೆಂದರಲ್ಲಿ ಸಿಗುವ ಮಾಲಲ್ಲ. ಹಡಗಿಗೆಂದೇ ದೂರದಲ್ಲೆಲ್ಲೋ ತಯಾರಾಗಿ, ಹಡಗಿನಲ್ಲೇ ಬಂದು ಇಳಿಯುತ್ತದೆ. ಪ್ರತಿಯೊಂದರ ಮೈಮೇಲೂ ನಂಬರು ಒತ್ತಿರುತ್ತದೆ. ಯಾವ ಪಟ್ಟಿ ಯಾವ ಪಕ್ಕೆಗೆ ಎಂದು ಮೊದಲೇ ಗೊತ್ತು ಮಾಡಿರುತ್ತಾರೆ. ಒಂದು ಕಾಣೆಯಾದರೆ ಯಾರ್ಡಿಗೇ ಜ್ವರ ಬರುತ್ತದೆ. ಮನುಷ್ಯ ಕಾಣೆಯಾದರೆ ಅಷ್ಟು ಗಲಾಟೆ ಇಲ್ಲ.

ಪಟ್ಟಿ ಬಾಗಿದ್ದರೆ ಬಡಿದು ನೆಟ್ಟಗೆ ಮಾಡುವಂತಿಲ್ಲ. ಬೆಂಕಿ, ನೀರು ಎರಡರಿಂದಲೇ ಆಗಬೇಕು. ಉಕ್ಕು ಕಾದಾಗ ಹಿಗ್ಗುತ್ತದೆ, ನೀರು ಬಿದ್ದರೆ ಹಿಗ್ಗಿದ್ದಕ್ಕಿಂತ ಹೆಚ್ಚು ಕುಗ್ಗುತ್ತದೆ. ಅದಕ್ಕೇ ಬಿಲ್ಲಿನ ಹಾಗೆ ಬಾಗಿದ ಪಟ್ಟಿಯ ಹೊರಮಗ್ಗುಲಿಗೆ ಬೆಂಕಿ ಹಿಡಿಯಬೇಕು. ಕಾಯುವಾಗ ಇನ್ನಷ್ಟು ಬಾಗಿ ಹೆದರಿಸುತ್ತದೆ. ಆರುವಾಗ ಹೊರಮಗ್ಗುಲು ಕುಗ್ಗಿ, ಪಟ್ಟಿ ನೆಟ್ಟಗಾಗುತ್ತದೆ. ಹೊಸಬರು ಇದಕ್ಕೆ ಹೆದರಿ ಒಳಮಗ್ಗುಲಿಗೆ ಹಿಡಿಯುತ್ತಾರೆ. ಅಲ್ಲಿ ಎಲ್ಲ ಉಲ್ಟಾ. ಕಾಯುವಾಗ ನೆಟ್ಟಗಾಗುತ್ತಾ ಬಂದು ಆಸೆ ತೋರಿಸುತ್ತದೆ, ನೀರು ಬಿದ್ದ ಮೇಲೆ ಮೊದಲಿಗಿಂತ ಹೆಚ್ಚು ಬಾಗಿ ಕೂರುತ್ತದೆ. ಒಮ್ಮೆ ಹಾಗೆ ಕೆಟ್ಟರೆ ಅದೇ ಜಾಗವನ್ನು ಮತ್ತೆ ಕಾಯಿಸುವಂತಿಲ್ಲ, ಆ ಉಕ್ಕು ಹಡಗಿಗೆ ಆಗುವುದಿಲ್ಲ. ನನ್ನ ಗಂಡನೂ ಮೊದಲ ವಾರ ಈ ತಪ್ಪು ಮಾಡಿದ್ದ. ಆಗ ಟಾರ್ಚು ಹಿಡಿಯುತ್ತಿದ್ದ ಮೇಸ್ತ್ರಿ ಅವನ ಕಿವಿ ಹಿಂಡಿ, "ಹೊಟ್ಟೆ ಕಡೆ ಕಾಯಿಸೋ, ಬೆನ್ನು ಕಡೆ ಅಲ್ಲ" ಎಂದು ಹೇಳಿಕೊಟ್ಟಿದ್ದ. ಹೊರಮಗ್ಗುಲು ಹೊಟ್ಟೆ, ಒಳಮಗ್ಗುಲು ಬೆನ್ನು. ಈಗ ಗಂಡನ ಕಣ್ಣು ಬೆಂಕಿ ನೋಡಿ ನೋಡಿ ಮಂಜಾಗಿದೆ. ಎಲ್ಲಿ ಕಾಯಿಸಬೇಕೆಂದು ನಾನು ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತೇನೆ, ಅವನು ಗೀಟಿನ ಮೇಲೆ ಬೆಂಕಿ ನಡೆಸುತ್ತಾನೆ. ಮೇಸ್ತ್ರಿ ಕೂಲಿಯವರ ಹಳದಿ ಹೆಲ್ಮೆಟ್ ಬಿಟ್ಟು ನೀಲಿ ಹೆಲ್ಮೆಟ್ ಹಾಕಿಕೊಂಡು ನಮ್ಮ ಮೇಲೆ ಕಣ್ಣಿಡುತ್ತಾನೆ. ಅವನ ಮೇಲೆ ಸಾಹೇಬ, ಬಿಳಿ ಹೆಲ್ಮೆಟ್ಟು.

ಅವತ್ತು ಮಧ್ಯಾಹ್ನ ನಾನು ನೀರು ಬಿಡುತ್ತಿದ್ದಾಗಲೇ ಹಿಂದುಗಡೆ ಸದ್ದಾಯಿತು. ಶೆಡ್ಡಿನ ನೆಲ ನಡುಗಿತು. ಕ್ರೇನಿನ ಕಬ್ಬಿಣದ ಹಗ್ಗ ಹರಿದು, ಉಬ್ಬುಪಟ್ಟಿಯ ಕಟ್ಟು ಪೂರ್ತಿ ಕೆಳಗೆ ಬಂದಿತ್ತು. ಆ ಹಗ್ಗದ ಎಳೆಗಳು ಬಿಚ್ಚಿಕೊಂಡಿವೆ, ಬದಲಾಯಿಸಿ ಎಂದು ಕೊಕ್ಕೆ ಎಷ್ಟು ಸಲ ಹೇಳಿದ್ದನೋ. "ನೀನೇನು ಮದುವೆ ಗಂಡಾ, ಹೊಸದೇ ಬೇಕು ಅನ್ನೋಕೆ?" ಎಂದು ಸಾಹೇಬ ನಗಾಡಿದ್ದ.

ನಾವು ಓಡಿ ಹೋಗುವಷ್ಟರಲ್ಲಿ ಸಾಹೇಬನೂ ಓಡಿ ಬಂದಿದ್ದ.

"ಅಯ್ಯೋ ಪಟ್ಟಿ! ಪಟ್ಟಿ ನೋಡ್ರೋ ಮೊದ್ಲು! ಎಷ್ಟು ಹಾಳಾಯ್ತು?"

ಹೆಚ್ಚಿನವು ನೆಲಕ್ಕೆ ಚಪ್ಪಟೆ ಬಿದ್ದು ಉಳಿದುಕೊಂಡಿದ್ದವು. ಒಂದು ಮಾತ್ರ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅಡ್ಡ ಬಿದ್ದು ಬಿಲ್ಲಿನಂತೆ ಬಾಗಿತ್ತು. ಆ ಪಟ್ಟಿಗೂ ಸ್ಟ್ಯಾಂಡಿಗೂ ನಡುವೆ ನನ್ನ ಮೈದುನನ ಕಾಲು ಇತ್ತು. ಅವನು ಕೂಗುತ್ತಿರಲಿಲ್ಲ, ಬಾಯಿ ತೆರೆದುಕೊಂಡು ಮೇಲಕ್ಕೆ ನೋಡುತ್ತಿದ್ದ. ಸಾಹೇಬ ಪಟ್ಟಿಯ ಉದ್ದಕ್ಕೂ ಟೇಪು ಹಿಡಿದು, ಬಾಗಿದ್ದು ಎಷ್ಟು ಎಂದು ಅಳೆದ. ಟೇಪು ಕಾಲಿಗೆ ತಗುಲುತ್ತದೆ ಎಂದು ಸ್ವಲ್ಪ ಎತ್ತಿ ಹಿಡಿದ. ಅಷ್ಟು ಮಾತ್ರ ಅವನಿಗೆ ಕಾಣಿಸಿತ್ತು.

"ಸಾರ್, ಕಾಲು..." ಎಂದ ನನ್ನ ಗಂಡ.

"ಕಾಣ್ತಿದೆಯಪ್ಪಾ, ನಂಗೇನು ಕಣ್ಣಿಲ್ವಾ? ನಿನ್ ಹಾಗೆ ಕುರುಡಾ ನಾನು?"

ಪಟ್ಟಿ ಎತ್ತಿ ಕೊಕ್ಕೆಯನ್ನು ಹೊರಗೆ ಎಳೆದೆವು. ಅವನನ್ನು ನೆಲದ ಮೇಲೆ ಮಲಗಿಸಿದ ಮೇಲೆ ಸಾಹೇಬ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ. ಮೇಸ್ತ್ರಿ ಸಾಹೇಬನ ಕಾರಿನ ಕಡೆ ಹೋಗಿ ಬಂದ. ಕೈಯಲ್ಲಿ ಬಾಟ್ಲಿ. ಕೊಕ್ಕೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಯಾರ ಮುಖವನ್ನೂ ನೋಡದೆ, ಅವನ ಅಂಗಿಯ ಮೇಲೆ ಬಾಟ್ಲಿ ಬಗ್ಗಿಸಿದ. ಗುಳುಗುಳು ಎಂದು ಬ್ರಾಂದಿ ಎದೆಯ ಮೇಲೆ ಹರಿಯಿತು.

"ಏನ್ ಮಾಡ್ತಿದ್ದೀಯೋ ಹಲ್ಕಟ್ಟು ನನ್ಮಗನೇ!" ಎಂದು ನಾನು ಕೂಗಿದೆ. ಅಲ್ಲಿಯತನಕ ಮೇಸ್ತ್ರಿಯನ್ನು ಅಣ್ಣ ಎಂದಲ್ಲದೆ ಬೇರೆ ಕರೆದವಳಲ್ಲ.

"ಕುಡಿದು ಪಟ್ಟಿ ಸ್ಟಾಕಿನ ಮೇಲೆ ಹತ್ತಿ ಜಾರಿ ಬಿದ್ದ," ಎಂದ ಸಾಹೇಬ, ಎಲ್ಲರಿಗೂ ಕೇಳುವ ಹಾಗೆ. "ಕಟ್ಟು ಬಿದ್ದಿಲ್ಲ, ಗಿಟ್ಟು ಬಿದ್ದಿಲ್ಲ. ಕಂಡೋರು ಯಾರಾದ್ರೂ ಇದ್ದೀರೇನ್ರೋ?"

ಕಂಡವರು ಎಷ್ಟೋ ಜನ ಇದ್ದರು. ಎಲ್ಲರ ಮನೆಯಲ್ಲೂ ಒಲೆ ಉರಿಯಬೇಕಿತ್ತು. ಒಬ್ಬೊಬ್ಬರಾಗಿ ತಮ್ಮ ಕೆಲಸಕ್ಕೆ ಮರಳಿದರು. ನಾನು ಅವರನ್ನು ಬೈಯುವುದಿಲ್ಲ, ಬೈಯಲು ನನ್ನಲ್ಲಿ ಶಕ್ತಿಯೂ ಇಲ್ಲ.

ಯಾರ್ಡಿನ ಆಸ್ಪತ್ರೆ ಗೇಟಿನ ಪಕ್ಕದಲ್ಲಿದೆ. ಅಲ್ಲಿ ಕೊಕ್ಕೆಯನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಓಣಿಯಂಥ ಉದ್ದನೆಯ ಜಾಗದಲ್ಲಿ, ಗೋಡೆ ಪಕ್ಕ ಚಕ್ರದ ಮಂಚದ ಮೇಲೆ ಮಲಗಿಸಿದರು. ಕಾಲಿಗೆ ಬಟ್ಟೆ ಸುತ್ತಿ ಎರಡು ಹಲಗೆ ಕಟ್ಟಿದ್ದರು.

"ಕುಡಿದು ಬಂದೋರಿಗೆ ಇಲ್ಲಿ ಆಪರೇಷನ್ ಇಲ್ಲಮ್ಮ, ಅದು ರೂಲ್ಸು," ಎಂದಳು ನರ್ಸು. "ನಾಳೆ ಸರ್ಕಾರದ ಇನ್ಸ್‌ಪೆಕ್ಟರ್ ಬಂದು ಜಾಗ ನೋಡ್ತಾರೆ. ಕೆಲಸದಲ್ಲಿ ಆದ ಅಪಘಾತ ಅಂತ ಅವರು ಬರೆದ್ರೆ ಡಾಕ್ಟ್ರು ಕಾಲಿಗೆ ಆಪರೇಷನ್ ಮಾಡ್ತಾರೆ. ಇಲ್ದಿದ್ರೆ ಹೊರಗೆ ಕರ್ಕೊಂಡ್ ಹೋಗ್ಬೇಕು."

"ಕಾಲು ಉಳಿಯುತ್ತಾ?"

"ನಾಳೆಯೊಳಗೆ ಮಾಡಿದ್ರೆ ಉಳೀಬಹುದು." ಅವಳು ದನಿ ತಗ್ಗಿಸಿದಳು. "ಹೊರಗೆ ಹೋದ್ರೆ ತೆಗೆದು ಬಿಡ್ತಾರೆ. ನಾನು ಹೇಳ್ದೆ ಅಂತ ಹೇಳ್ಬೇಡಿ."

ಅತ್ತೆ ಬಂದಳು. ಮಗನ ಕಾಲು ನೋಡುವ ಮುಂಚೆ ಅವನ ಅಂಗಿ ಮೂಸಿದಳು. ಆಮೇಲೆ ಗಲ್ಲ ಹಿಡಿದುಕೊಂಡು, "ಬಾಯಿ ತೆಗಿ" ಎಂದಳು. ಅವನು ಚಿಕ್ಕ ಮಗುವಿನ ಹಾಗೆ ಬಾಯಿ ತೆಗೆದ. ಮೂಗು ಒಳಗೇ ಹೋಗುವಷ್ಟು ಹತ್ತಿರ ಇಟ್ಟು ಮೂಸಿ ನೋಡಿದಳು.

"ಟೀ ವಾಸನೆ," ಎಂದಳು. ನರ್ಸಿನ ಕಡೆ ತಿರುಗಿ ಜೋರಾಗಿ, "ಬಾಯಲ್ಲಿ ಟೀ ವಾಸ್ನೆ ಬರ್ತಿದೆ, ಬಾರೇ ತಾಯಿ, ನೀನೂ ನೋಡು ಬಾ!" ಎಂದಳು. ನರ್ಸು ಬರಲಿಲ್ಲ. ಅತ್ತೆ ಅಲ್ಲಿ ಹೋಗಿಬರುವ ಒಬ್ಬೊಬ್ಬರನ್ನೂ ಕರೆದಳು. ಮಗನ ಬಾಯಿ ಮೂಸಲು ಯಾರಿಗೆ ಬಿಡುವಿರುತ್ತದೆ?

"ಬಿಡಮ್ಮ," ಎಂದ ಕೊಕ್ಕೆ. ನೋವಿನಿಂದ ತುಟಿ ಬಿಳಿಚಿಕೊಂಡಿತ್ತು. ನನ್ನನ್ನು ನೋಡಿ, "ಅತ್ತಿಗೆ, ಆ ಮೇಸ್ತ್ರಿಗೆ ಹೇಳು. ಹುಯ್ಯೋದು ಹುಯ್ದ, ಒಂದು ಗುಟುಕು ಬಾಯಿಗಾದ್ರೂ ಹುಯ್ಯಬಾರ್ದಿತ್ತಾ? ನೋವಾದ್ರೂ ಕಮ್ಮಿ ಆಗೋದು" ಎಂದ.

ನನಗೆ ನಗು ಬಂತು. ನಕ್ಕ ಮೇಲೆ ಅಳು ತಡೆಯಲಾಗಲಿಲ್ಲ, ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ.

ರಾತ್ರಿ ಮನೆಗೆ ಬಂದ ಗಂಡ ಬಾಗಿಲ ಹತ್ತಿರವೇ ಕೂತುಬಿಟ್ಟ. ಸಾಹೇಬ ಅವನನ್ನು ಆಫೀಸಿಗೆ ಕರೆಸಿಕೊಂಡಿದ್ದನಂತೆ. ಹರಿದ ಹಗ್ಗ ಆಗಲೇ ಮಾಯವಾಗಿ, ಕ್ರೇನಿಗೆ ಹೊಸ ಹಗ್ಗ ಬಂದಿತ್ತು. ಬಿದ್ದ ಪಟ್ಟಿಗಳನ್ನೆಲ್ಲ ಮತ್ತೆ ಅಂದವಾಗಿ ಜೋಡಿಸಿಟ್ಟಿದ್ದರು. ಉಳಿದಿದ್ದು ಬಾಗಿದ ಆ ಒಂದು ಪಟ್ಟಿ. ಕಟ್ಟು ಬೀಳದೆ, ಬರೀ ಮನುಷ್ಯ ಜಾರಿ ಬಿದ್ದರೆ ಉಬ್ಬುಪಟ್ಟಿ ಹಾಗೆ ಬಾಗುತ್ತದೆಯೇ? ಎಂಥ ಇನ್ಸ್‌ಪೆಕ್ಟರನಾದರೂ ಅಷ್ಟು ಕೇಳುತ್ತಾನೆ. ನಂಬರು ಒತ್ತಿದ ಮಾಲು, ಬಿಸಾಡುವಂತಿಲ್ಲ, ಕತ್ತರಿಸುವಂತಿಲ್ಲ. ಅವನು ಬರುವಷ್ಟರಲ್ಲಿ ನೆಟ್ಟಗಾಗಿರಬೇಕು ಎಂದಿದ್ದನಂತೆ ಸಾಹೇಬ.

"ನನ್ ಕೈಯಲ್ಲೇ ಮಾಡಿಸ್ತಾರಲ್ಲೇ," ಎಂದ ಗಂಡ.

"ಆಗಲ್ಲ ಅನ್ನು."

"ಅಂದ್ರೆ ಇಬ್ರನ್ನೂ ಗೇಟಿಂದ ಆಚೆ ಹಾಕ್ತಾರೆ. ಬೇರೆ ಯಾರನ್ನಾದ್ರೂ ಕರ್ಸಿ ಮಾಡಿಸ್ತಾರೆ. ಹೆಂಗಿದ್ರೂ ಪಟ್ಟಿ ನೆಟ್ಟಗಾಗುತ್ತೆ." ಕಣ್ಣು ಒರೆಸಿಕೊಂಡ. ಅವು ಯಾವಾಗಲೂ ನೀರು ಸುರಿಸುತ್ತವೆ, ಅಳುತ್ತಿದ್ದಾನೋ ಇಲ್ಲವೋ ಗೊತ್ತಾಗುವುದಿಲ್ಲ. "ಸುಸ್ತಾಗಿದೆ ಕಣೇ. ಊಟ ಬೇಡ."

ನಾನೂ ಉಣ್ಣಲಿಲ್ಲ.

ಬೆಳಗ್ಗೆ ಶೆಡ್ಡಿನ ನಡುವೆ ಎರಡು ಸ್ಟ್ಯಾಂಡಿನ ಮೇಲೆ ಆ ಪಟ್ಟಿಯನ್ನು ಅಡ್ಡ ಮಲಗಿಸಿದ್ದರು. ಈ ತುದಿಯಿಂದ ಆ ತುದಿಗೆ ದಾರ ಬಿಗಿದಿದ್ದರು. ದಾರಕ್ಕೂ ಪಟ್ಟಿಯ ನಡುವಿಗೂ ಅಂಗೈಯಗಲ ಅಂತರವಿತ್ತು. ಅಷ್ಟು ಬಾಗಿತ್ತು.

"ಬೇಗ ಬೇಗ, ಇನ್ಸ್‌ಪೆಕ್ಟರ್ ಹೊರಟಾಯ್ತಂತೆ!" ಎಂದು ಸಾಹೇಬ ಫೋನು ಕಿವಿಗಿಟ್ಟುಕೊಂಡೇ ಕೂಗಿದ. "ಏನೇ, ಗೀಟು ಎಳಿಯೋಕೆ ಮುಹೂರ್ತ ಇಡಿಸ್ಬೇಕಾ?"

ನಾನು ಸೀಮೆಸುಣ್ಣ ಹಿಡಿದು ಪಟ್ಟಿಯ ಪಕ್ಕ ಮೊಣಕಾಲೂರಿದೆ. ಒಳಮಗ್ಗುಲಲ್ಲಿ, ಉಬ್ಬಿನ ಅಂಚಿನ ಮೇಲೆ ಸ್ಟ್ಯಾಂಡು ಒತ್ತಿದ ಕಚ್ಚು ಇತ್ತು. ಕಚ್ಚಿನಲ್ಲಿ ನೀಲಿ ಬಟ್ಟೆಯ ಎಳೆ ಸಿಕ್ಕಿಕೊಂಡಿತ್ತು. ಕೊಕ್ಕೆಯ ಪ್ಯಾಂಟಿನದು. ಆ ಪ್ಯಾಂಟಿಗೆ ತೇಪೆ ಹಾಕಿದವಳು ನಾನು, ಬಣ್ಣ ಗೊತ್ತಿತ್ತು. ಎಳೆಯನ್ನು ಉಗುರಿನಿಂದ ಬಿಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಹೊರಮಗ್ಗುಲಿಗೆ ಹೋಗಿ ಗೀಟು ಎಳೆಯಬೇಕಿತ್ತು. ಹೋಗಲಿಲ್ಲ. ಕೂತಲ್ಲೇ ಕೂತು, ಆ ಕಚ್ಚಿನ ಎರಡೂ ಕಡೆ, ಒಳಮಗ್ಗುಲಿಗೇ ಗೀಟು ಎಳೆದೆ.

ಗಂಡ ಬಂದು ಎಂದಿನ ಹಾಗೆ ಪಟ್ಟಿಯ ಮೇಲೆ ಅಂಗೈ ಆಡಿಸಿದ. ಕಣ್ಣು ಮಂಜಾದ ಮೇಲೆ ಅವನು ಉಕ್ಕನ್ನು ಕೈಯಿಂದ ನೋಡುತ್ತಾನೆ. ತುದಿಯಿಂದ ನಡುವಿಗೆ ಬಂತು ಕೈ, ಹೊರಮಗ್ಗುಲನ್ನು ಸವರಿತು, ಗೀಟು ಸಿಗಲಿಲ್ಲ. ಒಳಮಗ್ಗುಲಿಗೆ ಬಂತು. ಬೆರಳಿಗೆ ಸೀಮೆಸುಣ್ಣದ ಪುಡಿ ಹತ್ತಿತು. ಬೆರಳು ಅಲ್ಲೇ ನಿಂತಿತು.

"ಲೇ," ಎಂದ.

"ಏನು?"

ಹೆಬ್ಬೆರಳಿನಿಂದ ಆ ಪುಡಿಯನ್ನು ತಿಕ್ಕಿದ. ಕೊನೆಗೆ, "ಏನಿಲ್ಲ, ನೀರು ರೆಡಿ ಇಟ್ಕೋ" ಎಂದು ಟಾರ್ಚು ಹಚ್ಚಿದ.

ಇಷ್ಟೇ ಆಗಿದ್ದರೆ ಕೆಲಸ ಸಲೀಸಾಗುತ್ತಿತ್ತು. ಆದರೆ ಸಾಹೇಬನಿಗೆ ಅವಸರ. "ಒಂದು ಬೆಂಕಿ ಸಾಲಲ್ಲ. ಮೇಸ್ತ್ರಿ, ನೀನೂ ಒಂದು ಟಾರ್ಚ್ ಹಿಡಿ, ಮರೆತು ಹೋಗಿಲ್ಲ ತಾನೇ?" ಎಂದ.

ಮೇಸ್ತ್ರಿ ಎರಡನೆಯ ಟಾರ್ಚು ಎತ್ತಿಕೊಂಡು ನನ್ನ ಪಕ್ಕಕ್ಕೆ ಬಂದ. ಈ ಕೆಲಸ ನಮಗೆ ಕಲಿಸಿದವನು ಅವನು. ಗೀಟನ್ನು ನೋಡಿದ. ನನ್ನ ಗಂಡನ ಬೆಂಕಿ ಯಾವ ಮಗ್ಗುಲಲ್ಲಿದೆ ಎಂದು ನೋಡಿದ. ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ, "ಗೀಟು ತಪ್ಪಿದೆಯಮ್ಮ" ಎಂದ.

"ತಪ್ಪಿಲ್ಲ ಮೇಸ್ತ್ರಣ್ಣ."

"ಬೆನ್ನು ಕಡೆ ಎಳ್ದಿದ್ದೀಯ."

"ಗೊತ್ತು. ನೀವೇ ತಾನೇ ಹೇಳ್ಕೊಟ್ಟಿದ್ದು."

ಅವನು ಸಾಹೇಬನ ಕಡೆ ತಿರುಗಿದ. ಒಂದು ಮಾತು ಸಾಕಿತ್ತು. ಬಾಯಿ ತೆರೆದಿದ್ದನ್ನೂ ಕಂಡೆ. ಆಮೇಲೆ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ನಿನ್ನೆ ಮಧ್ಯಾಹ್ನದಿಂದ ಅವನು ಆ ಕೈ ಒರೆಸಿಕೊಳ್ಳುತ್ತಲೇ ಇದ್ದ.

"ಅಂಗಿ ತೊಳೆದ್ರಾ?" ಎಂದು ಕೇಳಿದ.

"ಇಲ್ಲ. ಅದನ್ನೇ ಹಾಕ್ಕೊಂಡು ಮಲಗಿದ್ದಾನೆ. ಒಂದು ಗುಟುಕು ಬಾಯಿಗಾದ್ರೂ ಹುಯ್ಯಬಾರ್ದಿತ್ತಾ ಅಂತ ಕೇಳ್ದ ನಿಮ್ಮನ್ನ."

ಮೇಸ್ತ್ರಿ ಟಾರ್ಚು ಹಚ್ಚಿ, ಗಂಡನ ಪಕ್ಕ ಕೂತು, ಒಳಮಗ್ಗುಲ ಇನ್ನೊಂದು ಗೀಟಿಗೆ ಬೆಂಕಿ ಹಿಡಿದ. ಹಳೆಯ ಕೈ, ಜ್ವಾಲೆ ಒಂದೇ ಸಮನೆ ನಡೆಯಿತು. ಅವನ ತಪ್ಪು ಇದರಿಂದ ತೊಳೆದು ಹೋಯಿತೇ ಎಂದು ಯಾರಾದರೂ ಕೇಳಿದರೆ ನಾನು ಇಲ್ಲ ಎನ್ನುತ್ತೇನೆ. ಆದರೆ ಬೆಂಕಿ ಹಿಡಿದದ್ದಂತೂ ನಿಜ.

ಉಕ್ಕು ಮೊದಲು ನೀಲಿಯಾಯಿತು, ಆಮೇಲೆ ಕೆಂಪಾಯಿತು. ದಾರಕ್ಕೂ ಪಟ್ಟಿಗೂ ನಡುವಿನ ಅಂತರ ನಿಧಾನವಾಗಿ ಕಡಿಮೆಯಾಗುತ್ತಾ ಬಂತು. ಅಂಗೈಯಗಲ ಇದ್ದದ್ದು ಬೆರಳುಗಳ ಅಳತೆಗೆ ಇಳಿಯಿತು. ಸಾಹೇಬ ಬಗ್ಗಿ ನೋಡಿ ತೊಡೆ ತಟ್ಟಿಕೊಂಡ.

"ಶಭಾಷ್! ಬರ್ತಿದೆ, ಬರ್ತಿದೆ! ನೋಡಿದ್ರೇನ್ರೋ, ಬೆನ್ನ ಮೇಲೆ ನಿಂತ್ಕೊಂಡ್ರೆ ಎಂಥ ಕತ್ತೆ ಕೈಯಲ್ಲೂ ಕೆಲ್ಸ ಆಗುತ್ತೆ!"

ಆಗಲೇ ಇನ್ಸ್‌ಪೆಕ್ಟರ್ ಬಂದ. ದಣಿದ ಮುಖದ ಮನುಷ್ಯ, ಕಂಕುಳಲ್ಲಿ ಫೈಲು, ಮೂಗಿಗೆ ಕರವಸ್ತ್ರ. ಇನ್ನೂ ಎಷ್ಟು ಕಡೆ ಹೋಗಬೇಕಿತ್ತೋ ಪಾಪ, ಬಂದ ಕೂಡಲೇ ಗಡಿಯಾರ ನೋಡಿಕೊಂಡ. ಸಾಹೇಬ ಅವನಿಗೆ ಹೊಸ ಹಗ್ಗ ತೋರಿಸಿದ, ಅಂದವಾಗಿ ಜೋಡಿಸಿದ ಪಟ್ಟಿಗಳನ್ನು ತೋರಿಸಿದ, ಕೊಕ್ಕೆ ಜಾರಿ ಬಿದ್ದ ಜಾಗ ಎಂದು ಯಾವುದೋ ಮೂಲೆಯನ್ನು ತೋರಿಸಿದ.

"ಕುಡಿದಿದ್ದ ಸಾರ್. ಆಸ್ಪತ್ರೆಯೋರನ್ನೇ ಕೇಳಿ, ಗಬ್ಬು ವಾಸ್ನೆ."

"ಹ್ಞೂಂ, ಇದೇನು?" ಇನ್ಸ್‌ಪೆಕ್ಟರ್ ನಮ್ಮ ಕಡೆ ಬೆರಳು ತೋರಿಸಿದ.

"ಇದು ದಿನಾ ನಡೆಯೋದು ಸಾರ್. ಬರುವಾಗ ಸಣ್ಣಪುಟ್ಟ ಸೊಟ್ಟ ಇರುತ್ತೆ. ನೋಡಿ, ನೆಟ್ಟಗೇ ಇದೆ."

ನೆಟ್ಟಗೇ ಇತ್ತು. ಪಟ್ಟಿ ದಾರವನ್ನು ಮುಟ್ಟುವುದೊಂದೇ ಬಾಕಿ. ಇನ್ಸ್‌ಪೆಕ್ಟರ್ ತಲೆಯಾಡಿಸಿ ಫೈಲು ಬಿಡಿಸಿದ, ಜೇಬಿಗೆ ಕೈ ಹಾಕಿ ಪೆನ್ನು ಹುಡುಕಿದ. ಟಾರ್ಚು ಉರಿಯುತ್ತಿರುವವರೆಗೂ ಅದು ನೆಟ್ಟಗೇ ಇರುತ್ತದೆ. ಅವನು ಅಷ್ಟರಲ್ಲಿ ಬರೆದು ಹೊರಟುಬಿಟ್ಟರೆ ಕೊಕ್ಕೆಯ ಕಾಲು ಹೋದ ಹಾಗೆಯೇ. ಸಾಹೇಬ ಅಪ್ಪಣೆ ಕೊಡದೆ ನೀರು ಹಾಕಿದರೆ ಪೈಪು ಕಿತ್ತುಕೊಳ್ಳುತ್ತಾನೆ. ಪೈಪು ಹಿಡಿದು ಅವನ ಬಾಯಿಯನ್ನೇ ನೋಡುತ್ತಾ ನಿಂತೆ. ಅವನ ಬೈಗುಳಕ್ಕಾಗಿ ನಾನು ಜೀವಮಾನದಲ್ಲಿ ಕಾದದ್ದು ಅದೊಂದೇ ಸಲ.

"ಏನೇ ಬಾಯಿ ಬಾಯಿ ನೋಡ್ತಿದ್ದೀಯ?" ಸಾಹೇಬ ಇನ್ಸ್‌ಪೆಕ್ಟರನ ಎದುರು ಜೋರು ತೋರಿಸಲು ಕೂಗಿದ. "ನೀರು ಹಾಕೇ!"

ಹಾಕಿದೆ. ಹಬೆ ಎದ್ದು ಯಾರಿಗೂ ಯಾರೂ ಕಾಣಲಿಲ್ಲ. ಒಳಗಿನಿಂದ ಪಟ್ಟಿ ಟಿಕ್ಕೆಂದಿತು, ಮತ್ತೆ ಟಿಕ್ಕೆಂದಿತು. ಉಕ್ಕು ಎಳೆದುಕೊಳ್ಳುವಾಗ ಹಾಗೆ ಸದ್ದು ಮಾಡುತ್ತದೆ. ಹಬೆ ತೆಳುವಾದಾಗ ದಾರ ಪಟ್ಟಿಯಿಂದ ದೂರ ಹೋಗಿತ್ತು. ನೀರು ಬಿದ್ದಷ್ಟೂ ಪಟ್ಟಿ ಬಾಗಿತು. ಅಂಗೈಯಗಲವನ್ನು ದಾಟಿತು. ತುದಿಗಳು ಸ್ಟ್ಯಾಂಡಿನ ಮೇಲೆ ಕಿರ್ರೆಂದು ಉಜ್ಜಿಕೊಂಡು ಜರುಗಿದವು.

"ಏಯ್! ಏನಿದು? ನಿಲ್ಸೇ! ನೀರು ನಿಲ್ಸೇ ಬೇವರ್ಸಿ ಮುಂಡೆ!"

ಸಾಹೇಬ ಪೈಪಿಗೆ ಕೈ ಹಾಕಲು ನುಗ್ಗಿದ. ಮಧ್ಯದಲ್ಲಿ ಮೇಸ್ತ್ರಿ ಕೂತಿದ್ದ. ಅವನ ಕೈಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು. ಅವನು ಅದನ್ನು ಆರಿಸಲಿಲ್ಲ, ದಾರಿಯಿಂದ ಸರಿಯಲೂ ಇಲ್ಲ.

"ಮೇಸ್ತ್ರಿ, ಏಳೋ ಮೇಲೆ!"

"ಮಂಡಿ ಹಿಡ್ಕೊಂಡಿದೆ ಸಾರ್," ಎಂದ ಮೇಸ್ತ್ರಿ. "ವಯಸ್ಸಾಯ್ತು."

ಪೆನ್ನು ಹುಡುಕುತ್ತಿದ್ದ ಇನ್ಸ್‌ಪೆಕ್ಟರ್ ಹತ್ತಿರ ಬಂದ. ಮೂಗಿನಿಂದ ಕರವಸ್ತ್ರ ತೆಗೆದ. ಬಗ್ಗಿ, ಉಬ್ಬಿನ ಮೇಲಿದ್ದ ಕಚ್ಚಿನ ಗುರುತನ್ನು ನೋಡಿದ, ಅದರ ಸುತ್ತ ಒಣಗಿ ಕಪ್ಪಾಗಿದ್ದ ರಕ್ತದ ಕಲೆಯನ್ನು ನೋಡಿದ.

"ಇದು ಯಾವಾಗ ಬಾಗಿದ್ದು?"

"ಬರುವಾಗ್ಲೇ ಹಿಂಗಿತ್ತು ಸಾರ್, ಹಡಗಿಂದ ಇಳಿಸುವಾಗ್ಲೇ..."

"ನಿಮ್ಮನ್ನಲ್ಲ ಕೇಳಿದ್ದು."

ಶೆಡ್ಡಿನಲ್ಲಿ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತಿದ್ದರು. ನನ್ನ ಗಂಡ ಟಾರ್ಚು ಆರಿಸಿ ಕೆಳಗಿಟ್ಟ. ಇನ್ಸ್‌ಪೆಕ್ಟರ್ ಎಲ್ಲಿ ನಿಂತಿದ್ದಾನೆಂದು ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಸ್ವಲ್ಪ ಪಕ್ಕಕ್ಕೆ ಮುಖ ಮಾಡಿ ಮಾತಾಡಿದ.

"ನಿನ್ನೆ ಸ್ವಾಮಿ. ಹಗ್ಗ ಹರಿದು ಮೇಲಿಂದ ಬಿತ್ತು. ನನ್ ತಮ್ಮನ ಕಾಲ್ ಮೇಲೆ. ಅವನು ಕುಡಿಯಲ್ಲ. ಬಾಯಿ ಮೂಸಿ ನೋಡ್ಬಹುದು ನೀವು, ನಮ್ಮಮ್ಮ ಅಲ್ಲೇ ಕೂತಿದ್ದಾಳೆ."

"ಇವನು ಅವನ ಅಣ್ಣ ಸಾರ್, ಕುರುಡ. ಏನ್ ಕಂಡಿರ್ತಾನೆ?" ಎಂದ ಸಾಹೇಬ. ಆಮೇಲೆ ನನ್ನ ಕಡೆ ತಿರುಗಿ, ಹಲ್ಲು ಕಡಿದು, "ಸಾಯಂಕಾಲದೊಳಗೆ ನಿಮ್ಮನೆ ಮೂರೂ ಜನ ಗೇಟಿಂದಾಚೆ ಇರ್ತೀರಿ. ನಿಲ್ಸೇ ಅಂದೆ ನೀರು!" ಎಂದ.

ಇನ್ಸ್‌ಪೆಕ್ಟರ್ ಸಾಹೇಬನನ್ನು ನೋಡಿದ, ಗಂಡನನ್ನು ನೋಡಿದ, ಮತ್ತೆ ಗಡಿಯಾರ ನೋಡಿಕೊಂಡ. ಪೆನ್ನು ಸಿಕ್ಕಿತ್ತು, ಮುಚ್ಚಳ ತೆಗೆದು ಹಿಡಿದಿದ್ದ, ಇನ್ನೂ ಏನೂ ಬರೆದಿರಲಿಲ್ಲ. ಪಟ್ಟಿಯಿಂದ ಇಳಿದ ನೀರು ಅವನ ಬೂಟಿನ ಸುತ್ತ ನಿಂತಿತ್ತು. ಉಕ್ಕು ಇನ್ನೂ ಟಿಕ್ ಟಿಕ್ ಎನ್ನುತ್ತಾ ಬಾಗುತ್ತಲೇ ಇತ್ತು. ನಾನು ಪೈಪಿನ ಬಾಯಿಗೆ ಹೆಬ್ಬೆರಳು ಇನ್ನಷ್ಟು ಒತ್ತಿದೆ. ನೀರು ನಿಲ್ಲಿಸಲಿಲ್ಲ.